ಮಿತಾಕ್ಷರೆಯ ವ್ಯವಹಾರಾಧ್ಯಾಯವೂ ಸಭ್ಯರ ಶಿಕ್ಷಣವೂ

1

ವಿಜ್ಞಾನೇಶ್ವರನ ಮಿತಾಕ್ಷರೆಯು ದಾಯವಿಭಾಗದ ಗ್ರಂಥವೆಂದು ಲೋಕಪ್ರಸಿದ್ಧವಾಗಿದೆ. ಜೀಮೂತವಾಹನನ ದಾಯಭಾಗದೊಡನೆ ಇದರ ದಾಯಪ್ರಕರಣವನ್ನು ಮಾತ್ರ ಆಯ್ದುಕೊಂಡು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದಂದಿನಿಂದ, ನ್ಯಾಯಸ್ಥಾನಗಳಲ್ಲಿ ಮಿತಾಕ್ಷರೆಯೆಂದರೆ ಅವಿಭಕ್ತ ಕುಟುಂಬದ ಸ್ವತ್ತನ್ನು ಹಂಚುವ ಒಂದು ಪದ್ಧತಿಯೆಂಬ ಅರ್ಥವೇ ನೆಲೆಗೊಂಡಿತು. ಆ ಪ್ರಸಿದ್ಧಿಯ ಭಾರದಲ್ಲಿ ಗ್ರಂಥದ ಮತ್ತೊಂದು ಮುಖವು ಮರೆಯಾಯಿತೆಂದು ಹೇಳಬೇಕಾಗಿದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಮೊದಲ ಶ್ಲೋಕಗಳಿಗೆ ವಿಜ್ಞಾನೇಶ್ವರನು ಬರೆದಿರುವ ವ್ಯಾಖ್ಯಾನದಲ್ಲಿ ಆಸ್ತಿಯ ಮಾತಿಲ್ಲ. ಅಲ್ಲಿರುವುದು ಆಸ್ತಿಯ ಜಗಳವನ್ನು ತೀರ್ಮಾನಿಸುವವನ ಮಾತು: ಧರ್ಮಾಸನದಲ್ಲಿ ಕುಳಿತುಕೊಳ್ಳಲು ಯಾರು ಅರ್ಹರು, ಅವರು ಏನನ್ನು ಕಲಿತಿರಬೇಕು, ಅವರು ತಪ್ಪಿದರೆ ಆ ತಪ್ಪಿನ ಬಗೆ ಯಾವುದು, ಅದಕ್ಕೆ ಪರಿಹಾರವೇನು ಎಂಬೀ ವಿಷಯಗಳು. ನ್ಯಾಯಾಧೀಶರಿಗೂ ನ್ಯಾಯಾಲಯದ ನೌಕರರಿಗೂ ನಿರಂತರವಾದ ಶಿಕ್ಷಣವು ಅವಶ್ಯವೆಂಬ ಅಭಿಪ್ರಾಯವು ಇಂದು ಎಲ್ಲೆಡೆಯೂ ಕೇಳಿಬರುತ್ತಿರುವಾಗ, ಕನ್ನಡನಾಡಿನ ರಾಜಧಾನಿಯಲ್ಲಿಯೇ ಹುಟ್ಟಿದ ಈ ಶಾಸ್ತ್ರಭಾಗವನ್ನು ಶಿಕ್ಷಣದ ದೃಷ್ಟಿಯಿಂದ ಪರಾಮರ್ಶಿಸುವುದು ಅಪ್ರಸ್ತುತವಾಗಲಾರದು.

2

ಗ್ರಂಥವು ಹುಟ್ಟಿದ ಸ್ಥಳವು ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. 11ನೆಯ ಶತಮಾನದ ಮಧ್ಯದಲ್ಲಿ ಒಂದನೆಯ ಸೋಮೇಶ್ವರನು ಇದನ್ನು ಚಾಲುಕ್ಯರ ರಾಜಧಾನಿಯನ್ನಾಗಿ ಮಾಡಿದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಇಲ್ಲಿಂದ ಆಳಿದನು. ಅದೇ ಆಸ್ಥಾನದ ಆಶ್ರಯದಲ್ಲಿ ಕಾಶ್ಮೀರದ ಬಿಲ್ಹಣನು ಅರಸನ ಚರಿತವನ್ನು ಕಾವ್ಯವಾಗಿ ಹಾಡಿದನು; ಪರಮಹಂಸ ಪರಿವ್ರಾಜಕನಾದ ವಿಜ್ಞಾನೇಶ್ವರನು ಅರಸನ ಸಭೆಯು ನಡೆಯಬೇಕಾದ ಕ್ರಮವನ್ನು ವಿವರಿಸಿದನು. ಗ್ರಂಥಾಂತ್ಯದಲ್ಲಿ ನಗರವನ್ನೂ ಅರಸನನ್ನೂ ತನ್ನನ್ನೂ ಹೊಗಳಿಕೊಂಡಿರುವ ಪದ್ಯಗಳು ಅಂದಿನ ಸಂಪ್ರದಾಯಕ್ಕೆ ತಕ್ಕವು. ಆದರೆ ಒಳಗಿನ ಶಾಸ್ತ್ರವು ಅರಸನಿಗೆ ಆ ಬಗೆಯ ದಾಕ್ಷಿಣ್ಯವನ್ನು ತೋರುವುದಿಲ್ಲವೆಂಬುದನ್ನು ಮುಂದೆ ಕಾಣಬಹುದು. ಮನೆ, ಭೂಮಿ, ದಾಯಾದಿಗಳೆಂಬುದೆಲ್ಲವನ್ನೂ ಬಿಟ್ಟ ಸಂನ್ಯಾಸಿಯೊಬ್ಬನು ಅವುಗಳ ವ್ಯಾಜ್ಯಗಳನ್ನೇ ಇಷ್ಟು ಸೂಕ್ಷ್ಮವಾಗಿ ವಿಚಾರಿಸಿದ್ದಾನೆಂಬುದು ಗಮನಾರ್ಹವಾದ ವಿಷಯ.

3

ಸಭ್ಯರು ಶ್ರುತ ಮತ್ತು ಅಧ್ಯಯನಗಳಿಂದ ಸಂಪನ್ನರೂ ಧರ್ಮಜ್ಞರೂ ಸತ್ಯವಾದಿಗಳೂ ಶತ್ರುಮಿತ್ರರಲ್ಲಿ ಸಮರೂ ಆಗಿರಬೇಕೆಂಬುದು ಸ್ಮೃತಿಯ ವಿಧಿ. ಇಲ್ಲಿ ಶ್ರುತ, ಅಧ್ಯಯನ ಎಂಬೆರಡು ಪದಗಳು ಪುನರುಕ್ತಿಯಂತೆ ತೋರುತ್ತವೆ. ವ್ಯಾಖ್ಯಾನಕಾರನು ಅವೆರಡನ್ನೂ ಬೇರ್ಪಡಿಸುತ್ತಾನೆ. ಅಧ್ಯಯನವೆಂದರೆ ವೇದಪಾಠ, ಶ್ರುತವೆಂದರೆ ಮೀಮಾಂಸೆ, ವ್ಯಾಕರಣ ಮುಂತಾದ ಶಾಸ್ತ್ರಗಳ ಶ್ರವಣ. ಪಾಠವು ಬಾಯಿಗೆ ಬಂದಿದ್ದರೆ ಸಾಲದು, ವಾಕ್ಯದ ಅರ್ಥವನ್ನು ನಿರ್ಣಯಿಸುವ ವಿದ್ಯೆಯೂ ಕೈವಶವಾಗಿರಬೇಕೆಂಬುದು ಇದರ ತಾತ್ಪರ್ಯ. ಕಾನೂನನ್ನು ಬಲ್ಲವನಿಗೂ ಕಾನೂನನ್ನು ಓದಬಲ್ಲವನಿಗೂ ಇರುವ ಅಂತರವನ್ನು ಒಂದೇ ವಾಕ್ಯದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳಿದ ಸ್ಥಳಗಳು ವಿರಳ.

ಶಾಸ್ತ್ರಜ್ಞರಲ್ಲದೆ ಕೆಲವು ಮಂದಿ ವರ್ತಕರೂ ಸಭೆಯಲ್ಲಿರಬೇಕೆಂದು ಕಾತ್ಯಾಯನನ ಪ್ರಮಾಣದಿಂದ ವಿಜ್ಞಾನೇಶ್ವರನು ಸೇರಿಸುತ್ತಾನೆ. ಕುಲ, ಶೀಲ, ವಯಸ್ಸು, ನಡತೆಗಳಲ್ಲಿ ಮೇಲಾದ, ಮತ್ಸರವಿಲ್ಲದ ವಣಿಜರು ಅಲ್ಲಿದ್ದರೆ ಜನರಿಗೆ ಸಭೆಯಲ್ಲಿ ವಿಶ್ವಾಸವುಂಟಾಗುವುದು. ಅರಸನು ನೇಮಿಸಿದ ಸಭೆಯ ಕೆಳಗೆ ಊರವರ ಪೂಗ, ಕಸುಬಿನವರ ಶ್ರೇಣಿ, ಬಂಧುಗಳ ಕುಲ ಎಂಬ ನ್ಯಾಯಸ್ಥಾನಗಳಿದ್ದವು. ಶ್ರೇಣಿಗೆ ಉದಾಹರಣೆಯಾಗಿ ಕುದುರೆಯ ವ್ಯಾಪಾರಿಗಳು, ಎಲೆ ಮಾರುವವರು, ನೇಯ್ಗೆಯವರು, ಚರ್ಮಕಾರರು ಇವರನ್ನು ಹೆಸರಿಸಿರುವುದನ್ನು ನೋಡಿದರೆ, ಕಲ್ಯಾಣದ ಪೇಟೆಬೀದಿಯು ಗ್ರಂಥಕಾರನ ಕಣ್ಣಿಗೆ ದೂರವಾಗಿರಲಿಲ್ಲವೆಂದು ಊಹಿಸಲು ಅವಕಾಶವಿದೆ. ಸ್ವತ್ವವು ಲೌಕಿಕವೇ ಹೊರತು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದಲ್ಲವೆಂದು ದಾಯಪ್ರಕರಣದಲ್ಲಿ ಅವನು ಮಾಡುವ ಸುಪ್ರಸಿದ್ಧ ವಾದಕ್ಕೂ ಇದೇ ಮನೋಧರ್ಮವು ಆಧಾರ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದುದರಿಂದ ಒಡೆತನವೆಂಬುದು ಲೋಕವ್ಯವಹಾರದಿಂದಲೇ ಸಿದ್ಧವಾದದ್ದು ಎಂಬುದು ಅಲ್ಲಿಯ ಯುಕ್ತಿ. ಲೋಕವನ್ನು ಓದದವನು ಸಭ್ಯನಾಗಲಾರನೆಂಬುದು ಇದರಿಂದ ಫಲಿಸುವ ಅರ್ಥ.

ಪ್ರಾಡ್ವಿವಾಕನೆಂಬ ಪದದ ನಿರ್ವಚನವೂ ಇದಕ್ಕೆ ಅನುಗುಣವಾಗಿದೆ. ವಾದಿಪ್ರತಿವಾದಿಗಳನ್ನು ಪ್ರಶ್ನಿಸುವುದರಿಂದ ಅವನು ಪ್ರಾಟ್. ಅವರ ಮಾತುಗಳನ್ನು ಸಭ್ಯರೊಡನೆ ವಿವೇಚಿಸುವುದರಿಂದ ವಿವಾಕ. ಕೇಳುವುದು ಮೊದಲು, ಹೇಳುವುದು ಆಮೇಲೆ. ಇನ್ನು ಅರಸನೇ ನ್ಯಾಯವನ್ನು ಮೀರಿ ನಡೆದರೆ? ನಿಯುಕ್ತರಾದ ಸಭ್ಯರು ಇದ್ದದ್ದನ್ನು ಇದ್ದಂತೆ ಹೇಳಿ ಸುಮ್ಮನಾದರೆ ಸಾಲದು, ಅರಸನನ್ನು ತಡೆಯಲೇಬೇಕು, ತಡೆಯದಿದ್ದರೆ ದೋಷವು ಅವರಿಗೂ ತಗಲುತ್ತದೆಂದು ವಿಜ್ಞಾನೇಶ್ವರನ ಸ್ಪಷ್ಟವಾದ ಅಭಿಪ್ರಾಯ. ನಿಯುಕ್ತರಲ್ಲದ ವಿದ್ವಾಂಸರು ತಪ್ಪು ಹೇಳಿದರೆ ಅಥವಾ ಹೇಳದೆ ಉಳಿದರೆ ಮಾತ್ರ ದೋಷಿಗಳು. ತಡೆಯುವ ಹೊಣೆಯು ಅವರ ಮೇಲಿಲ್ಲ. ಅಧಿಕಾರವನ್ನು ಒಪ್ಪಿಕೊಂಡವನಿಗೆ ಧೈರ್ಯವೂ ವಿದ್ಯೆಯಷ್ಟೇ ಕರ್ತವ್ಯವೆಂದಾಯಿತು.

4

ಪ್ರಕೃತ ವಿಷಯಕ್ಕೆ ಕೀಲಕದಂತಿರುವುದು ನಾಲ್ಕನೆಯ ಶ್ಲೋಕದ ವ್ಯಾಖ್ಯಾನ. ರಾಗದಿಂದಾಗಲಿ ಲೋಭದಿಂದಾಗಲಿ ಭಯದಿಂದಾಗಲಿ ಸ್ಮೃತಿಗೆ ವಿರುದ್ಧವಾಗಿ ತೀರ್ಮಾನಿಸಿದ ಸಭ್ಯರು, ಆ ವಿವಾದದಲ್ಲಿ ಸೋತವನಿಗೆ ವಿಧಿಸತಕ್ಕ ದಂಡದ ಎರಡರಷ್ಟನ್ನು ಪ್ರತ್ಯೇಕ ಪ್ರತ್ಯೇಕವಾಗಿ ತೆರಬೇಕೆಂದು ಮೂಲದ ವಿಧಿ. ವಿಜ್ಞಾನೇಶ್ವರನು ಇಲ್ಲಿ ಎರಡು ಸೂಕ್ಷ್ಮಗಳನ್ನು ತೋರುತ್ತಾನೆ. ದಂಡವು ವಿವಾದಕ್ಕೆ ವಿಷಯವಾದ ದ್ರವ್ಯದ ಎರಡರಷ್ಟಲ್ಲ. ಹಾಗೆಂದರೆ ದ್ರವ್ಯವೇ ಇಲ್ಲದ ಸ್ತ್ರೀಸಂಗ್ರಹಣಾದಿ ವಿವಾದಗಳಲ್ಲಿ ಸಭ್ಯರಿಗೆ ದಂಡವೇ ಇಲ್ಲದಂತಾಗುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ರಾಗ, ಲೋಭ, ಭಯಗಳೆಂದು ಮೂರನ್ನೇ ಎಣಿಸಿರುವುದು ನಿಯಮಾರ್ಥವಾಗಿ. ಅಜ್ಞಾನದಿಂದಲೋ ಮೋಹದಿಂದಲೋ ತಪ್ಪಿದವನಿಗೆ ಈ ಇಮ್ಮಡಿ ದಂಡವು ಅನ್ವಯಿಸುವುದಿಲ್ಲ.

ಈ ಭೇದವು ನ್ಯಾಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಲಂಚವನ್ನು ತಿಂದವನನ್ನೂ ಅರಿಯದೆ ಎಡವಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ವಿವೇಕಿಯಾದ ಯಾವನೂ ಧರ್ಮಾಸನದ ಬಳಿಗೆ ಬರಲಾರನು. ಆದರೆ ವಿಮರ್ಶಕನು ಇಲ್ಲಿ ನಿಂತು ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಸೋತು ಮನೆಗೆ ಹೋದವನ ಪಾಲಿಗೆ ಈ ಎರಡು ತಪ್ಪುಗಳಲ್ಲಿ ವ್ಯತ್ಯಾಸವೇನು? ಸಭ್ಯನ ಲೋಭದಿಂದ ಹೋದ ಹೊಲವೂ ಸಭ್ಯನ ಅಜ್ಞಾನದಿಂದ ಹೋದ ಹೊಲವೂ ಹೋದ ಹೊಲಗಳೇ. ತಪ್ಪಾಗಿ ನೋಡಿದ ವ್ಯವಹಾರಗಳನ್ನು ಅರಸನು ಮರಳಿ ನೋಡಬೇಕೆಂದು ಅಧ್ಯಾಯದ ಕೊನೆಯಲ್ಲಿ ವಿಧಿಯಿದೆ. ದೋಷವು ಸಾಕ್ಷಿಗಳದ್ದಾಗಿದ್ದರೆ ಸಾಕ್ಷಿಗಳೇ ದಂಡ್ಯರು, ಸಭ್ಯರಲ್ಲ ಎಂದು ಅಲ್ಲಿಯೂ ವಿವೇಚನೆಯಿದೆ. ಇದು ನೊಂದವನಿಗೆ ಪರಿಹಾರವಾದೀತು. ಆದರೆ ಅರಿಯದ ಸಭ್ಯನ ಅರಿಯಮೆಗೆ ಪರಿಹಾರವೇನು? ದಂಡವು ಲೋಭವನ್ನು ಅಡಗಿಸಬಲ್ಲದು, ಅಜ್ಞಾನವನ್ನು ಅಡಗಿಸಲಾರದು. ಅದಕ್ಕೆ ಶಿಕ್ಷಣವೊಂದೇ ಮದ್ದು. ಶಿಕ್ಷೆ, ಶಿಕ್ಷಣಗಳೆಂಬ ಪದಗಳೆರಡೂ ಒಂದೇ ಧಾತುವಿನಿಂದ ಹುಟ್ಟಿದವುಗಳಾದರೂ ಅವುಗಳ ಕ್ಷೇತ್ರಗಳು ಬೇರೆಬೇರೆ. ಈ ಗಡಿಯನ್ನು ಗುರುತಿಸಿದ್ದು ವಿಜ್ಞಾನೇಶ್ವರನ ಹಿರಿಮೆ. ಗಡಿಯ ಆಚೆಗಿನ ಕ್ಷೇತ್ರಕ್ಕೆ ಪ್ರತ್ಯೇಕವಾದ ವಿಧಿಯನ್ನು ಹೇಳದೆ ಉಳಿದದ್ದು ಗ್ರಂಥದ ಕೊರತೆ.

5

ವಿಧಿಯನ್ನು ಹೇಳದಿದ್ದರೂ ಗ್ರಂಥವು ಆ ಕೆಲಸವನ್ನು ತಾನೇ ಮಾಡಿತೆಂಬುದು ಅದರ ಬೋಧನಾಕ್ರಮವನ್ನು ನೋಡಿದರೆ ವಿಶದವಾಗುತ್ತದೆ. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳು. ಭಾಷೆಯೆಂದರೆ ಈಗಿನವರು ದಾವಾ ಅರ್ಜಿಯೆನ್ನುವ ವಾದಪತ್ರ. ಎಂಥ ವಾದವನ್ನು ಸಭೆಯು ಸ್ವೀಕರಿಸಬಾರದೆಂಬುದನ್ನು ಲಕ್ಷಣವಾಕ್ಯಗಳಿಂದ ಕಲಿಸುವುದು ಸುಲಭ; ಕಲಿತವನಿಗೆ ಅದು ನೆನಪಿನಲ್ಲಿ ಉಳಿಯುವುದು ಕಷ್ಟ. ಆದುದರಿಂದ ಒಂದೊಂದು ಪಕ್ಷಾಭಾಸಕ್ಕೂ ಒಂದೊಂದು ಪುಟ್ಟ ವ್ಯಾಜ್ಯವನ್ನೇ ಕಲ್ಪಿಸಿಕೊಟ್ಟಿದೆ. ತನ್ನ ಮೊಲದ ಕೊಂಬನ್ನು ತೆಗೆದುಕೊಂಡು ಹಿಂದಿರುಗಿಸಲಿಲ್ಲವೆನ್ನುವವನದು ಅಪ್ರಸಿದ್ಧ. ತನ್ನ ದೀಪದ ಬೆಳಕಿನಲ್ಲಿ ನೆರೆಯವನು ತನ್ನ ಮನೆಗೆಲಸವನ್ನು ಮಾಡಿಕೊಳ್ಳುತ್ತಾನೆನ್ನುವವನದು ನಿರಾಬಾಧ. ಮನೆಯ ಪಕ್ಕದಲ್ಲಿ ಒಬ್ಬನು ಇಂಪಾಗಿ ಪಾಠ ಹೇಳಿಕೊಳ್ಳುತ್ತಾನೆಂಬ ದೂರು ನಿಷ್ಪ್ರಯೋಜನ. ಹುಬ್ಬು ಹಾರಿಸಿ ನಕ್ಕನೆಂಬುದು ಅಸಾಧ್ಯ. ಮೂಕನು ಬೈದನೆಂಬುದು ವಿರುದ್ಧ. ಇವು ಓದುಗನಿಗೆ ನಗುವನ್ನು ತರುತ್ತವೆ. ಆ ನಗುವೇ ಪಾಠವನ್ನು ಮನಸ್ಸಿನಲ್ಲಿ ನಿಲ್ಲಿಸುವ ಉಪಾಯ. ಇದನ್ನು ಓದಿದ ಸಭ್ಯನು, ನೊಂದವನ ದೂರಿಗೂ ಮತ್ಸರಿಯ ದೂರಿಗೂ ಇರುವ ಭೇದವನ್ನು ಮುಂದೆ ಮರೆಯಲಾರನು.

ಉತ್ತರದ ಪ್ರಕರಣದಲ್ಲಿಯೂ ಇದೇ ಕ್ರಮ. ಒಪ್ಪಿಕೊಳ್ಳುವುದು, ಅಲ್ಲಗಳೆಯುವುದು, ಒಪ್ಪಿಕೊಂಡು ಬೇರೆ ಕಾರಣವನ್ನು ಹೇಳುವುದು, ಹಿಂದೆಯೇ ತೀರ್ಪಾಗಿದೆಯೆನ್ನುವುದು ಎಂದು ಉತ್ತರವು ನಾಲ್ಕು ಬಗೆ. ನೂರು ಸುವರ್ಣದ ಸಾಲವನ್ನು ಕೇಳಿದಾಗ, ಪಡೆದದ್ದು ನಿಜ, ಆದರೆ ನೂರು ಸುವರ್ಣವೋ ನೂರು ಮಾಷವೋ ಎಂದು ತೊದಲುವುದು ಸಂದಿಗ್ಧವಾದ ಉತ್ತರಾಭಾಸ. ಕಾನೂನಿನ ಅಕ್ಷರಾರ್ಥವನ್ನು ಎಷ್ಟರಮಟ್ಟಿಗೆ ಹಿಡಿಯಬೇಕೆಂಬುದಕ್ಕೆ ಭೋಗಪ್ರಕರಣವು ನಿದರ್ಶನ. ಒಡೆಯನು ನೋಡುತ್ತಿರುವಾಗಲೇ ಪರನು ಅನುಭವಿಸಿದ ಭೂಮಿಯು 20 ವರ್ಷಗಳಲ್ಲಿಯೂ ಧನವು 10 ವರ್ಷಗಳಲ್ಲಿಯೂ ಹಾನಿಯಾಗುತ್ತದೆಂದು ಮೂಲ. ಬರಿಯ ಪಾಠವನ್ನು ಬಲ್ಲವನು ಇದನ್ನೋದಿ ಒಡೆತನವೇ ಹೋಯಿತೆಂದು ತೀರ್ಮಾನಿಸುವನು. ಪೂರ್ವಪಕ್ಷಗಳನ್ನು ಒಂದೊಂದಾಗಿ ಬಿಡಿಸಿ, ಹಾನಿಯಾಗುವುದು ಅಷ್ಟು ಕಾಲದ ಫಲವೇ ಹೊರತು ಸ್ವತ್ವವಲ್ಲವೆಂದು ವಿಜ್ಞಾನೇಶ್ವರನು ನಿರ್ಣಯಿಸುತ್ತಾನೆ. ಆ ನಿರ್ಣಯವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ನಿರ್ಣಯಕ್ಕೆ ಹೋಗುವ ದಾರಿಯನ್ನು ಮುಚ್ಚಿಡದೆ ತೋರಿರುವುದೇ ಬೋಧಕನ ಲಕ್ಷಣ.

6

ಸಭೆಯೆಂದರೆ ಸಭ್ಯರು ಮಾತ್ರವಲ್ಲ. ಬೃಹಸ್ಪತಿಯ ಗಣನೆಯಲ್ಲಿ ಸಭೆಗೆ ಹತ್ತು ಅಂಗಗಳು. ಅವುಗಳಲ್ಲಿ ಗಣಕನೂ ಲೇಖಕನೂ ಸಭೆಯ ಆಳೂ ಸೇರಿದ್ದಾರೆ. ಇಂದಿನ ಶಿರಸ್ತೇದಾರ, ಗುಮಾಸ್ತ, ಅಮೀನರ ಪೂರ್ವಿಕರು ಇವರೇ. ವಾದಿಯ ಮಾತನ್ನು ಮೊದಲು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯಿಸಿ, ತಿದ್ದಿ, ಶೋಧಿಸಿದ ಮೇಲೆಯೇ ಪತ್ರಕ್ಕೆ ಏರಿಸಬೇಕು; ಪ್ರತಿವಾದಿಯ ಉತ್ತರವು ಬರುವ ವರೆಗೆ ಮಾತ್ರ ಶೋಧನೆಗೆ ಅವಕಾಶ. ಶೋಧಿಸದೆಯೇ ಉತ್ತರವನ್ನು ಕೊಡಿಸಿದ ಸಭ್ಯರನ್ನು ದಂಡಿಸಿ, ವ್ಯವಹಾರವನ್ನು ಮೊದಲಿನಿಂದ ನಡೆಸಬೇಕೆಂದು ವ್ಯಾಖ್ಯಾನವು ಹೇಳುತ್ತದೆ. ಬರವಣಿಗೆಯ ತಪ್ಪು ನ್ಯಾಯದ ತಪ್ಪಾಗಿ ಪರಿಣಮಿಸುವುದೆಂಬ ಅನುಭವವು ಇದರ ಹಿಂದಿದೆ. ಆದರೆ ಲೇಖಕನ ವಿಷಯದಲ್ಲಿ ಸ್ಮೃತಿಯು ದಂಡದ ಮಾತನ್ನೇ ಮುಂದಿಡುತ್ತದೆ: ರಾಜಶಾಸನವನ್ನು ಕಡಮೆಯಾಗಿಯೋ ಹೆಚ್ಚಾಗಿಯೋ ಬರೆದವನಿಗೆ ಉತ್ತಮಸಾಹಸದ ದಂಡ. ಸಭ್ಯನಿಗೆ ದೊರೆತ ಅಜ್ಞಾನ ಲೋಭಗಳ ವಿವೇಚನೆಯು ಆ ವಿಧಿಯಲ್ಲಿ ಲೇಖಕನಿಗೆ ದೊರೆತಿಲ್ಲ.

ಕಲ್ಯಾಣಕ್ಕೆ ನೆರೆಯದಾದ ಹುಮನಾಬಾದು ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಈಶ್ವರ ದೇವಾಲಯವೊಂದಿದೆ. ಅದರ ಹೊರಗೋಡೆಯ ಮೇಲಣ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯ ಅಕ್ಷರಗಳನ್ನು ಬರೆಯುತ್ತ ನಿಂತಿದ್ದಾಳೆ. ಆ ಯುಗದ ಶಿಲ್ಪಿಯು ಬರೆಯುವ ಕೈಗೆ ಕೊಟ್ಟ ಗೌರವವನ್ನು ಆ ಯುಗದ ಶಾಸ್ತ್ರವು ಕೊಡಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದ ಹಳ್ಳಿಗನು ಮೊದಲು ಕಾಣುವುದು ಗುಮಾಸ್ತನನ್ನೇ, ನ್ಯಾಯಾಧೀಶನನ್ನಲ್ಲ. ಆ ಮೊದಲ ಮಾತಿನಲ್ಲಿ ತಪ್ಪಿದ್ದು ಕೊನೆಯ ಮಾತಿನಲ್ಲಿ ಸರಿಯಾಗುವುದು ದುರ್ಲಭ.

7

ವಿದ್ಯೆಯೊಂದರಿಂದಲೇ ನ್ಯಾಯವು ಸಿದ್ಧಿಸುವುದೆಂದು ಹೇಳಿದರೆ ಕಲ್ಯಾಣದ ಚರಿತ್ರೆಯೇ ಅದನ್ನು ಅಲ್ಲಗಳೆಯುತ್ತದೆ. ಮಿತಾಕ್ಷರೆಯು ಹುಟ್ಟಿ ಒಂದು ಪುರುಷಾಂತರ ಕಳೆಯುವಷ್ಟರಲ್ಲಿ, ಕಳಚುರಿ ಬಿಜ್ಜಳನ ಆಳಿಕೆಯಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ವಿವಾಹಕ್ಕಾಗಿ ಅರಸನು ಆ ಇಬ್ಬರು ತಂದೆಯರಿಗೂ ಘೋರವಾದ ಶಿಕ್ಷೆಯನ್ನು ವಿಧಿಸಿದನೆಂದು ಶರಣಪರಂಪರೆಯು ಹೇಳುತ್ತ ಬಂದಿದೆ. ಅರಸನನ್ನು ತಡೆಯಬೇಕಾದ ನಿಯುಕ್ತರು ಆ ದಿನ ಎಲ್ಲಿದ್ದರು? ಇದಕ್ಕಿಂತಲೂ ಕಠಿನವಾದ ಪ್ರಶ್ನೆಯೊಂದಿದೆ. ಮಿತಾಕ್ಷರೆಯನ್ನು ಚೆನ್ನಾಗಿ ಓದಿದ ಸಭ್ಯನು ಅಲ್ಲಿದ್ದಿದ್ದರೆ ತಡೆಯುತ್ತಿದ್ದನೆ? ಪ್ರತಿಲೋಮ ಸಂಬಂಧವನ್ನು ಸ್ಮೃತಿಗಳು ನಿಂದಿಸುತ್ತವೆ. ಆ ವಿಷಯದಲ್ಲಿ ಗ್ರಂಥವು ಅರಸನ ಕಡೆಗೇ ನಿಲ್ಲುತ್ತಿತ್ತು. ಕಲಿತ ವಿದ್ಯೆಯೇ ಅನ್ಯಾಯಕ್ಕೆ ಪ್ರಮಾಣವಾಗುವ ಸಂದರ್ಭವಿದು. ಮಿತಾಕ್ಷರೆಯನ್ನು ಪ್ರಶಂಸಿಸುವವರು ಇದನ್ನು ಮರೆಮಾಚುವುದು ಉಚಿತವಲ್ಲ.

ಆದರೂ ಈ ಕಟ್ಟನ್ನು ಸಡಿಲಿಸುವ ಉಪಾಯವು ಗ್ರಂಥದೊಳಗೇ ಇದೆ. ಹಿರಿಯ ಮಗನಿಗೆ ಹೆಚ್ಚಿನ ಭಾಗವನ್ನು ಕೊಡುವ ವಿಷಮವಿಭಾಗವು ಶಾಸ್ತ್ರದಲ್ಲಿ ಕಂಡುಬಂದರೂ ಲೋಕವು ಅದನ್ನು ದ್ವೇಷಿಸುವುದರಿಂದ ಆಚರಿಸತಕ್ಕದ್ದಲ್ಲವೆಂದು ವಿಜ್ಞಾನೇಶ್ವರನು ದಾಯಪ್ರಕರಣದಲ್ಲಿ ಹೇಳಿದ್ದಾನೆ. ಹಿಂದೆ ವಿಹಿತವಾಗಿದ್ದ ಗೋವಧ, ನಿಯೋಗಗಳು ಬಿಟ್ಟುಹೋದಂತೆ ಇದೂ ಬಿಟ್ಟುಹೋಗತಕ್ಕದ್ದು. ಕಲಿತದ್ದನ್ನು ಕಾಲಕ್ಕೆ ತಕ್ಕಂತೆ ಬಿಡುವುದೂ ವಿದ್ಯೆಯ ಒಂದು ಭಾಗವೆಂಬ ಈ ತತ್ತ್ವವನ್ನು ಅವನು ಸೋದರರ ಭಾಗಕ್ಕೆ ಅನ್ವಯಿಸಿದನು. ವಿವಾಹಕ್ಕೂ ವರ್ಣಕ್ಕೂ ಅನ್ವಯಿಸಲಿಲ್ಲ. ಆ ಕೆಲಸವನ್ನು ಅದೇ ನಗರದಲ್ಲಿ ಶರಣರು ಸಭೆಯ ಹೊರಗೆ ನಿಂತು ಮಾಡಿದರು.

8

ಗ್ರಂಥದ ಮುಂದಿನ ಚರಿತ್ರೆಯು ಶಿಕ್ಷಣವು ನಿಂತುಹೋದಾಗ ಏನಾಗುವುದೆಂಬುದಕ್ಕೆ ನಿದರ್ಶನ. ಆಂಗ್ಲರ ನ್ಯಾಯಾಲಯಗಳಲ್ಲಿ ಮೊದಲು ಪಂಡಿತರಿದ್ದು ಧರ್ಮಶಾಸ್ತ್ರದ ವ್ಯವಸ್ಥೆಗಳನ್ನು ಹೇಳುತ್ತಿದ್ದರು. 1864ರಲ್ಲಿ ಅವರ ಹುದ್ದೆಗಳು ರದ್ದಾದವು. 1868ರಲ್ಲಿ ಮಧುರೆಯ ಕಲೆಕ್ಟರರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು, ಸ್ಪಷ್ಟವಾಗಿ ಸಿದ್ಧವಾದ ರೂಢಿಯು ಗ್ರಂಥವಾಕ್ಯಕ್ಕಿಂತ ಬಲವತ್ತರವೆಂದು ಹೇಳಿತು. ಸ್ವತ್ವವು ಲೌಕಿಕವೆಂದವನಿಗೆ ಇದು ಅಪರಿಚಿತವಾದ ಮಾತಲ್ಲ. ಆದರೂ ಪರಿವರ್ತಿತವಾದ ಒಂದು ಪ್ರಕರಣವೂ ಹಿಂದಿನ ತೀರ್ಪುಗಳ ಸಾಲೂ ಸೇರಿ ಜೀವಂತವಾದ ವ್ಯಾಖ್ಯಾನವನ್ನು ಗಟ್ಟಿಯಾಗಿಸಿದವು. ಇತ್ತ ಕಲ್ಯಾಣ ಹುಮನಾಬಾದುಗಳು ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿ ಉರ್ದುವು ಆಡಳಿತದ ಭಾಷೆಯಾಗಿದ್ದಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಈ ಭಾಗವು ಮೈಸೂರು ರಾಜ್ಯವನ್ನು ಕೂಡಿತು. ದಾವಾ, ಫೈಸಲಾ, ವಕಾಲತ್ತುಗಳೆಂಬ ಮಾತುಗಳು ಜನರ ನಾಲಗೆಯಲ್ಲಿ ಉಳಿದುವು.

ಅದೇ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಿತಾಕ್ಷರ ಪದ್ಧತಿಯ ಗಂಡು ದಾಯಾದಿಗಳ ಕೂಟವನ್ನು ಉಳಿಸಿಕೊಂಡಿತು. 1994ರಲ್ಲಿ ಕರ್ನಾಟಕವು ಅವಿವಾಹಿತ ಹೆಣ್ಣುಮಕ್ಕಳನ್ನು ಆ ಕೂಟಕ್ಕೆ ಸೇರಿಸಿತು. 2005ರ ಕೇಂದ್ರದ ತಿದ್ದುಪಡಿಯು ಹೆಣ್ಣುಮಕ್ಕಳೆಲ್ಲರಿಗೂ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ತಿದ್ದುಪಡಿಯ ದಿನ ತಂದೆಯು ಬದುಕಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಹೇಳಿತು. 2018ರಲ್ಲಿ, ಅದಕ್ಕೆ ಮೊದಲೇ ತಂದೆಯನ್ನು ಕಳೆದುಕೊಂಡಿದ್ದ ಹೆಣ್ಣುಮಕ್ಕಳಿಗೂ ಭಾಗವನ್ನು ಕೊಟ್ಟಿತು. 2020ರಲ್ಲಿ ತ್ರಿಸದಸ್ಯ ಪೀಠವು ತಂದೆಯು ಬದುಕಿರಬೇಕೆಂಬ ನಿಯಮವಿಲ್ಲವೆಂದು ನಿರ್ಣಯಿಸಿತು. ಹೀಗೆ ಐದು ವರ್ಷಗಳಲ್ಲಿ ಮೂರು ಮಾತುಗಳಾದವು. 2024ರ ಜುಲೈ 1ರಿಂದ ದಂಡಸಂಹಿತೆ, ಅಪರಾಧ ಪ್ರಕ್ರಿಯೆ, ಸಾಕ್ಷ್ಯ ಇವು ಮೂರರ ಕಾನೂನುಗಳೂ ಹೊಸವಾದವು. ಬಸವಕಲ್ಯಾಣದ ನ್ಯಾಯಾಲಯಕ್ಕೆ ತವರಿನ ಹೊಲದಲ್ಲಿ ಭಾಗವನ್ನು ಕೇಳಿ ಬಂದ ಹೆಣ್ಣುಮಗಳೊಬ್ಬಳನ್ನು ಹಳೆಯ ಓದನ್ನೇ ನೆಚ್ಚಿದ ನ್ಯಾಯಾಧೀಶನು ಬರಿಗೈಯಲ್ಲಿ ಕಳುಹಿದರೆ, ಅಲ್ಲಿ ರಾಗವಿಲ್ಲ, ಲೋಭವಿಲ್ಲ, ಭಯವಿಲ್ಲ. ಅನ್ಯಾಯವು ಮಾತ್ರ ಪೂರ್ಣವಾಗಿದೆ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿಯಾಗಿಯೂ 2013ರಲ್ಲಿ ಖಾಯಮಾಗಿಯೂ ಉಚ್ಚ ನ್ಯಾಯಾಲಯದ ಪೀಠವು ಸ್ಥಾಪಿತವಾದದ್ದರಿಂದ ಮರಳಿ ನೋಡುವವರು ಹತ್ತಿರವಾದರು. ಆದರೆ ಮರಳಿ ನೋಡುವ ವೇಳೆಗೆ ವರ್ಷಗಳು ಕಳೆದುಹೋಗಿರುತ್ತವೆ.

9

ಭೋಪಾಲದಲ್ಲಿ ರಾಷ್ಟ್ರೀಯ ನ್ಯಾಯಾಂಗ ಅಕಾಡೆಮಿಯೂ ಬೆಂಗಳೂರಿನಲ್ಲಿ ಕರ್ನಾಟಕ ನ್ಯಾಯಾಂಗ ಅಕಾಡೆಮಿಯೂ ಈ ಶಿಕ್ಷಣಕ್ಕಾಗಿಯೇ ಇರುವ ಸಂಸ್ಥೆಗಳು. ಮಿತಾಕ್ಷರೆಯು ಹೇಳದೆ ಬಿಟ್ಟ ವಿಧಿಯನ್ನು ಪೂರೈಸುವುದು ಇವುಗಳ ಕಾರ್ಯವೆಂದರೆ ಸಲ್ಲುತ್ತದೆ. ಅಲ್ಲಿಯ ಪಾಠಕ್ಕೆ ವ್ಯವಹಾರಾಧ್ಯಾಯದಿಂದ ಒದಗುವ ಸಾಮಗ್ರಿಯು ಅಲ್ಪವಲ್ಲ: ಪಾಠಕ್ಕಿಂತ ಅರ್ಥನಿರ್ಣಯಕ್ಕೆ ಪ್ರಾಧಾನ್ಯ, ಲಕ್ಷಣದೊಡನೆ ಲಕ್ಷ್ಯ, ಲೋಕವ್ಯವಹಾರದ ಪರಿಚಯ, ಅಧಿಕಾರದ ಮುಂದೆ ಧೈರ್ಯ. ಗ್ರಂಥದ ಕೊರತೆಗಳೂ ಪಾಠಗಳೇ. ನೇಮಕಕ್ಕೆ ಮೊದಲೇ ವಿದ್ಯೆಯು ಮುಗಿಯಿತೆಂಬ ಭಾವನೆ, ಲೇಖಕನನ್ನು ದಂಡದಿಂದ ಮಾತ್ರ ಕಂಡದ್ದು, ತಾನೇ ಹೇಳಿದ ತತ್ತ್ವವನ್ನು ಎಲ್ಲರಿಗೂ ಅನ್ವಯಿಸದೆ ಬಿಟ್ಟದ್ದು ಇವು ಮೂರನ್ನೂ ತಿದ್ದಿಕೊಳ್ಳುವುದು ಇಂದಿನವರ ಪಾಲಿನ ಕೆಲಸ.

ಸ್ವತ್ವವು ಹುಟ್ಟಿನಿಂದಲೇ ಉಂಟಾಗುವುದೆಂಬುದು ವಿಜ್ಞಾನೇಶ್ವರನು ಬಲವಾಗಿ ಸಾಧಿಸಿದ ಸಿದ್ಧಾಂತ. ಅವನು ಅದನ್ನು ಗಂಡುಮಕ್ಕಳಿಗೆ ಹೇಳಿದನು. 2020ರ ತೀರ್ಪು ಆ ಹುಟ್ಟಿನ ಹಕ್ಕನ್ನೇ ಹೆಣ್ಣುಮಕ್ಕಳ ವಿಷಯದಲ್ಲಿ ಎತ್ತಿ ಹಿಡಿಯಿತು. ಕಲ್ಯಾಣದ ಸಂನ್ಯಾಸಿಯ ವಾಕ್ಯವು ಹೀಗೆ ಒಂಬತ್ತು ಶತಮಾನಗಳ ಮೇಲೆ ಅವನು ನೆನೆಯದ ಕಡೆಗೆ ಬೆಳೆದಿದೆ. ವ್ಯಾಖ್ಯಾನವು ಮುಗಿಯಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ವ್ಯಾಖ್ಯಾನವು ಮುಗಿಯದಿರುವಾಗ ಸಭ್ಯನ ಓದು ಮುಗಿಯುವುದೆಂತು?